ಆರಂಭಶೂರತ್ವ ಬಿಡೋಣ, ನಿಯಮ ಹಿಡಿಯೋಣ

ಯುಗಾದಿಯ ದಿನ ಬೇವು-ಬೆಲ್ಲ ಸವಿಯುತ್ತ ನಮ್ಮಲ್ಲಿ ಅನೇಕರು ಒಂದು ಸಂಕಲ್ಪ ಮಾಡುತ್ತೇವೆ: ಈ ವರ್ಷ ತಪ್ಪದೆ ವ್ಯಾಯಾಮ ಮಾಡಬೇಕು, ನಾಲಿಗೆಯನ್ನು ಹಿಡಿತದಲ್ಲಿಡಬೇಕು, ತೂಕ ಇಳಿಸಬೇಕು. ಮರುದಿನ ಬೆಳಗಿನ ಜಾವ ಊರ ಹೊರಗಿನ ರಸ್ತೆಯಲ್ಲಿ ಹೊಸ ಬೂಟು ತೊಟ್ಟವರ ಸಾಲೇ ಕಾಣುತ್ತದೆ. ತಿಂಗಳು ಕಳೆದು ಬಸವ ಜಯಂತಿ ಬರುವ ಹೊತ್ತಿಗೆ ಅದೇ ರಸ್ತೆಯಲ್ಲಿ ಹಳೆಯ ನಾಲ್ಕು ಮುಖಗಳಷ್ಟೇ ಉಳಿದಿರುತ್ತವೆ. ಉಳಿದವರಿಗೆ ಆರೋಗ್ಯದ ಆಸೆ ಇಲ್ಲವೆಂದಲ್ಲ. ಅವರ ಸಂಕಲ್ಪ ಸುಳ್ಳಾಗಿತ್ತೆಂದೂ ಅಲ್ಲ. ಆರಂಭದ ಉತ್ಸಾಹವು ಆರಿದ ಮೇಲೆ ಅವರನ್ನು ಮುನ್ನಡೆಸುವ ಬೇರೊಂದು ಆಧಾರ ಅವರ ಬಳಿ ಇರಲಿಲ್ಲ, ಅಷ್ಟೆ. ಇಂಥ ನಡೆಗೆ ನಮ್ಮ ಹಿರಿಯರು ‘ಆರಂಭಶೂರತ್ವ’ ಎಂದು ಹೆಸರಿಟ್ಟಿದ್ದಾರೆ.

ವ್ಯಾಯಾಮ ಏಕೆ ಬೇಕು, ಮಿತಾಹಾರ ಏಕೆ ಬೇಕು ಎಂಬುದನ್ನು ಓದುಗರು ಅನೇಕ ಸಲ ಓದಿದ್ದಾರೆ, ಕೇಳಿದ್ದಾರೆ. ಹಿಡಿದ ಒಳ್ಳೆಯ ಅಭ್ಯಾಸವನ್ನು ಬಿಡದೆ ಉಳಿಸಿಕೊಳ್ಳುವುದು ಹೇಗೆ, ಬಿಟ್ಟುಹೋದರೆ ಮರಳಿ ಹಿಡಿಯುವುದು ಹೇಗೆ ಎಂಬುದೇ ಈ ಸಲದ ಪಾಠದ ವಿಷಯ.

ನಮ್ಮದೇ ಸೋಲುಗಳು

ಈ ಮಾತನ್ನು ನಾವು ದೂರ ನಿಂತು ಹೇಳುತ್ತಿಲ್ಲ. ವೃತ್ತಿಯಿಂದ ಅಧ್ಯಾಪಕರಾದ ನಾವು ಹಲವು ವರ್ಷ ಇತರರಿಗೆ ಶಿಸ್ತಿನ ಪಾಠ ಹೇಳಿದವರು. ಐವತ್ತರ ಗಡಿ ದಾಟಿದ ವರ್ಷ ರಕ್ತಪರೀಕ್ಷೆ ಮಾಡಿಸಿದಾಗ, ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪ್ರಮಾಣವು 6.3 ಎಂದು ಬಂದಿತು. 5.7ರಿಂದ 6.4ರವರೆಗಿನ ಪ್ರಮಾಣವನ್ನು ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. 6.5 ತಲುಪಿದರೆ ಅದು ಮಧುಮೇಹ. ನಾವು ಹೊಸ್ತಿಲಲ್ಲಿ ನಿಂತಿದ್ದೆವು.

ಅಂದೇ ಪ್ರತಿಜ್ಞೆ ಮಾಡಿದೆವು. ನಾಳೆಯಿಂದ ಐದು ಕಿಲೋಮೀಟರು ನಡಿಗೆ, ಅನ್ನ ಬಂದ್, ಸಿಹಿ ಬಂದ್, ಚಹಾ ಬಂದ್. ಹದಿನೆಂಟು ದಿನ ಸಾಗಿತು. ಹತ್ತೊಂಬತ್ತನೆಯ ದಿನ ಮೊಣಕಾಲು ಹಿಡಿದುಕೊಂಡಿತು. ಅದೇ ವಾರ ಸಂಬಂಧಿಕರ ಮನೆಯ ಮದುವೆ ಬಂದಿತು. ಮದುವೆಯಿಂದ ಮರಳಿದ ಮೇಲೆ ಬೂಟು ಬಾಗಿಲ ಹಿಂದೆ ಸೇರಿತು. ಮರುವರ್ಷ ಪೇಟೆಯ ಒಂದು ಜಿಮ್ಮಿಗೆ ಇಡೀ ವರ್ಷದ ಹಣ ಕಟ್ಟಿದೆವು. ಕಟ್ಟಿದ ಹಣವಾದರೂ ನಮ್ಮನ್ನು ಎಳೆದೊಯ್ಯುವುದೆಂದು ನಂಬಿದ್ದೆವು. ಒಂದು ತಿಂಗಳೂ ಪೂರ್ತಿ ಹೋಗಲಿಲ್ಲ.

ಮೂರನೆಯ ಸಲ ನಮ್ಮನ್ನು ಎಬ್ಬಿಸಿದ್ದು ಭಯ. ನಮ್ಮ ಅಣ್ಣನವರಿಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದಿತು. ಕಾಲಿನ ಸಣ್ಣ ಗಾಯವೊಂದು ಅವರ ಅರಿವಿಗೆ ಬಾರದೆಯೇ ಕೀವುಗಟ್ಟಿ, ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಕುಳಿತು ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: “ನನಗ ಗೊತ್ತಿರಲಿಲ್ಲ ಅಂತೇನಿಲ್ಲ ತಮ್ಮಾ. ಎಲ್ಲಾ ಗೊತ್ತಿತ್ತು. ನಾಳೆ ಸುರು ಮಾಡಿದ್ರಾತು ಅಂತ ಹನ್ನೊಂದು ವರ್ಷ ಕಳದೆ.”

ಆ ಮಾತಿನ ಬಿಸಿಯಲ್ಲಿ ಎರಡು ತಿಂಗಳು ನಡೆದೆವು. ಅಣ್ಣನವರ ಗಾಯ ಮಾಯಿತು, ಅವರು ಊರುಗೋಲು ಹಿಡಿದು ಓಡಾಡತೊಡಗಿದರು. ಅದರೊಡನೆ ನಮ್ಮ ಭಯವೂ ಮಾಯಿತು, ನಡಿಗೆಯೂ ನಿಂತಿತು. ಉತ್ಸಾಹ, ಹಣ, ಭಯ ಈ ಮೂರೂ ನಮ್ಮನ್ನು ಹೊರಡಿಸಿದವು. ಆದರೆ ಯಾವುದೂ ನಮ್ಮನ್ನು ನಡೆಸಲಿಲ್ಲ. ನಾಲ್ಕನೆಯ ಸಲ ನಾವು ಹಿಡಿದದ್ದು ನಿಯಮವನ್ನು. ಅದು ಇಂದಿಗೂ ಸಾಗಿದೆ.

ಮನಸ್ಸನ್ನು ಕೇಳದಿರುವುದೇ ನಿಯಮ

ನಿತ್ಯ ಲಿಂಗಪೂಜೆ ಮಾಡುವವರು “ಇಂದು ನನಗೆ ಉತ್ಸಾಹವಿದೆಯೇ?” ಎಂದು ಕೇಳಿಕೊಂಡು ಪೂಜೆಗೆ ಕೂರುವುದಿಲ್ಲ. ಸ್ನಾನವಾಯಿತು, ಮಡಿಯಾಯಿತು, ಕುಳಿತರು. ಆ ಹೊತ್ತು ಬಂದೊಡನೆ ದೇಹ ತಾನಾಗಿಯೇ ಆ ಸ್ಥಳಕ್ಕೆ ಬರುತ್ತದೆ. ಕೆಲವು ದಿನ ಮನಸ್ಸು ಒಲಿಯುತ್ತದೆ, ಕೆಲವು ದಿನ ಅಲೆಯುತ್ತದೆ. ಆದರೆ ಕುಳಿತುಕೊಳ್ಳುವುದು ಮಾತ್ರ ತಪ್ಪುವುದಿಲ್ಲ. ವ್ಯಾಯಾಮವನ್ನು ನಾವು ಹೀಗೆ ಕಾಣುವುದಿಲ್ಲ. ಪ್ರತಿದಿನ ಬೆಳಗ್ಗೆ ಹಾಸಿಗೆಯಲ್ಲಿಯೇ ಒಂದು ನ್ಯಾಯಾಲಯ ಹೂಡುತ್ತೇವೆ: ಇಂದು ಹೋಗಬೇಕೇ, ಬೇಡವೇ? ಚಳಿ, ಮಳೆ, ನಿದ್ದೆ, ನಿನ್ನೆಯ ದಣಿವು ಎಲ್ಲವೂ ಒಂದು ಪಕ್ಷದ ವಕೀಲರು. ದಿನವೂ ವಾದ ನಡೆದರೆ ಒಂದಿಲ್ಲೊಂದು ದಿನ ಸೋಲು ಖಚಿತ. ವಾದಕ್ಕೆ ಎಡೆಯಿಲ್ಲದಂತೆ ಮಾಡುವುದೇ ಉಪಾಯ.

ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಸಾಕೆಂಬ ಮಾತು ಎಲ್ಲೆಡೆ ಹರಡಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ ನಡೆಸಿದ ಅಧ್ಯಯನವು 2010ರಲ್ಲಿ ಮುದ್ರಣಗೊಂಡಿತು. ಹೊಸ ನಡೆಯೊಂದು ಯೋಚಿಸದೆ ತಾನಾಗಿಯೇ ನಡೆಯುವಂತಾಗಲು ಅವರ ಲೆಕ್ಕದಲ್ಲಿ ಹಿಡಿದ ಕಾಲ ಸುಮಾರು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೆ ಬದಲಾಗುತ್ತಿತ್ತು. ಊಟದೊಡನೆ ನೀರು ಕುಡಿಯುವಂಥ ಸರಳ ಅಭ್ಯಾಸ ಬೇಗ ಹತ್ತಿತು, ವ್ಯಾಯಾಮ ತಡವಾಗಿ ಹತ್ತಿತು. ಹದಿನೆಂಟು ದಿನಕ್ಕೆ ಕೈಬಿಟ್ಟ ನಮ್ಮಂಥವರು ತಿಳಿಯಬೇಕಾದ್ದು ಇಷ್ಟು: ನಾವು ಸೋತದ್ದು ದುರ್ಬಲರಾದ್ದರಿಂದಲ್ಲ, ಬೀಜ ಮೊಳೆಯುವ ಮೊದಲೇ ಹೊಲ ಬಿಟ್ಟು ಬಂದದ್ದರಿಂದ.

ಶ್ರಮಕ್ಕೆ ತಕ್ಕ ಫಲವಿದೆಯೇ?

ನಿಯಮ ಹಿಡಿಯುವ ಮೊದಲು ಅದರ ಫಲದ ಬಗ್ಗೆ ನಂಬಿಕೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದಾರೆ. ಅಂದರೆ ಮನೆಯೊಳಗೆ ಇರುವವರಿಗಿಂತ ಹೊಸ್ತಿಲಲ್ಲಿ ನಿಂತವರ ಸಂಖ್ಯೆಯೇ ದೊಡ್ಡದು.

ಹೊಸ್ತಿಲಲ್ಲಿ ನಿಂತವರು ಹಿಂದೆ ಸರಿಯಬಹುದೇ? ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಹಾಗೂ ದೇಹತೂಕದ ನೂರಕ್ಕೆ 7 ಭಾಗದಷ್ಟು ಇಳಿಕೆಯನ್ನು ಗುರಿಯಾಗಿ ಕೊಟ್ಟಿದ್ದರು. ಈ ದಾರಿ ಹಿಡಿದವರಲ್ಲಿ ಮಧುಮೇಹ ಬರುವ ಪ್ರಮಾಣ ನೂರಕ್ಕೆ 58ರಷ್ಟು ಕುಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ಕುಗ್ಗಿದ್ದು 31ರಷ್ಟು.

ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಚೆನ್ನೈಯದು. ಅಲ್ಲಿ 531 ಜನರ ಮೇಲೆ ಮೂರು ವರ್ಷ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದ ಗುಂಪಿನಲ್ಲಿ ನೂರರಲ್ಲಿ 55 ಜನ ಮಧುಮೇಹಿಗಳಾದರು. ಊಟ-ನಡಿಗೆಗಳ ನಿಯಮ ಪಾಲಿಸಿದ ಗುಂಪಿನಲ್ಲಿ ಆ ಸಂಖ್ಯೆ 39. ಗಮನಿಸಬೇಕಾದ ಅಂಶ ಇನ್ನೊಂದಿದೆ. ನಿಯಮ ಪಾಲಿಸಿದವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ಆದರೂ ಲಾಭ ದೊರೆತಿತ್ತು.

ಇದು ಬಹಳ ಜನರ ಕಣ್ಣು ತೆರೆಸಬೇಕಾದ ಮಾತು. ತೂಕದ ಯಂತ್ರದ ಮೇಲೆ ಪ್ರತಿದಿನ ನಿಂತು, ಮುಳ್ಳು ಅಲುಗಲಿಲ್ಲವೆಂದು ನಡಿಗೆಯನ್ನೇ ಬಿಟ್ಟವರನ್ನು ನಾವು ಎಷ್ಟೋ ಕಂಡಿದ್ದೇವೆ. ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ದೇಹದಲ್ಲಿಯೂ ಈ ಕ್ರಿಯೆ ನಡೆಯುತ್ತದೆ. ವ್ಯಾಯಾಮ ಮುಗಿದ ಮೇಲೆಯೂ ಅದರ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ನಿದ್ದೆ ಚೆನ್ನಾಗಿ ಬರುತ್ತದೆ, ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುತ್ತದೆ. ಇವಾವುವೂ ತೂಕದ ಯಂತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ ಯಂತ್ರವನ್ನು ನ್ಯಾಯಾಧೀಶನನ್ನಾಗಿ ಮಾಡಬಾರದು. ತಿಂಗಳಿಗೆ ಒಂದೆರಡು ಸಲ ಅದರ ಮೇಲೆ ನಿಂತರೆ ಸಾಕು.

ಮೊದಲ ಸೂತ್ರ: ಹೊತ್ತನ್ನೂ ಸ್ಥಳವನ್ನೂ ಗೊತ್ತುಮಾಡುವುದು

“ಇನ್ನು ಮುಂದೆ ವ್ಯಾಯಾಮ ಮಾಡುತ್ತೇನೆ” ಎಂಬುದು ಆಸೆ. “ಪೂಜೆ ಮುಗಿದೊಡನೆ, ಚಹಾ ಕುಡಿಯುವ ಮೊದಲು, ಕೆರೆಯ ಏರಿಯವರೆಗೆ ನಡೆದು ಬರುತ್ತೇನೆ” ಎಂಬುದು ನಿಯಮ. ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸಿತು. ವ್ಯಾಯಾಮದ ಲಾಭಗಳನ್ನು ತಿಳಿಸಿ ಹುರಿದುಂಬಿಸಿದ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ನೂರಕ್ಕೆ 40ಕ್ಕಿಂತ ಕಡಿಮೆ. ಅದೇ ತಿಳಿವಳಿಕೆಯ ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುವೆ ಎಂಬುದನ್ನು ಬರೆದುಕೊಟ್ಟವರಲ್ಲಿ 91 ಜನ ಮಾಡಿದ್ದರು. ಬರೆದ ಒಂದು ವಾಕ್ಯವು ಕೇಳಿದ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿತು.

ಹೊಸ ಅಭ್ಯಾಸಕ್ಕೆ ಹೊಸ ಹೊತ್ತನ್ನು ಹುಡುಕುವುದಕ್ಕಿಂತ, ದಿನವೂ ತಪ್ಪದೆ ನಡೆಯುವ ಹಳೆಯ ಕೆಲಸವೊಂದಕ್ಕೆ ಅದನ್ನು ಗಂಟುಹಾಕುವುದು ಸುಲಭ. ಪೂಜೆಯ ನಂತರ, ಮಕ್ಕಳನ್ನು ಶಾಲೆಗೆ ಕಳಿಸಿದ ನಂತರ, ಅಂಗಡಿಯ ಬಾಗಿಲು ಹಾಕಿದ ನಂತರ, ರಾತ್ರಿಯ ಊಟವಾದ ನಂತರ, ಹೀಗೆ ಯಾವುದಾದರೊಂದನ್ನು ಆರಿಸಿಕೊಳ್ಳಬಹುದು. ಬೆಳಗಿನ ಜಾವವೇ ಆಗಬೇಕೆಂಬ ಹಟ ಬೇಡ. ಊಟವಾದ ಮೇಲಿನ ಹತ್ತು-ಹದಿನೈದು ನಿಮಿಷದ ನಿಧಾನ ನಡಿಗೆಯೂ, ಊಟದಿಂದ ಏರುವ ಸಕ್ಕರೆಯನ್ನು ತಗ್ಗಿಸುವುದರಿಂದ, ಬೆಲೆಯುಳ್ಳದ್ದು.

ಹಿಂದಿನ ರಾತ್ರಿಯೇ ಚಪ್ಪಲಿ ಅಥವಾ ಬೂಟನ್ನು ಬಾಗಿಲ ಮುಂದೆ ಇಟ್ಟುಕೊಳ್ಳುವುದು, ಕೊರಳವಸ್ತ್ರ, ಟೋಪಿಗಳನ್ನು ಗೂಟಕ್ಕೆ ಹಾಕುವುದು ಚಿಕ್ಕ ಮಾತೆನಿಸಬಹುದು. ಆದರೆ ನಿದ್ದೆಗಣ್ಣಿನಲ್ಲಿ ಬೂಟು ಹುಡುಕುವ ಎರಡು ನಿಮಿಷದಲ್ಲಿಯೇ ಅನೇಕರ ಸಂಕಲ್ಪ ಮುರಿದಿದೆ.

ಎರಡನೆಯ ಸೂತ್ರ: ನಾಚಿಕೆಯಾಗುವಷ್ಟು ಚಿಕ್ಕದಾಗಿ ಆರಂಭಿಸುವುದು

ನಾಲ್ಕನೆಯ ಸಲ ನಾವು ಐದು ಕಿಲೋಮೀಟರಿನ ಮಾತನ್ನೇ ಆಡಲಿಲ್ಲ. ಹತ್ತು ನಿಮಿಷ ಎಂದು ಗೊತ್ತುಮಾಡಿದೆವು. ಐದು ನಿಮಿಷ ಹೋಗುವುದು, ಐದು ನಿಮಿಷ ಬರುವುದು. “ಇಷ್ಟಕ್ಕೆ ಏನಾದೀತು?” ಎಂದು ಮನೆಯವರು ನಕ್ಕರು. ಆದರೆ ಹತ್ತು ನಿಮಿಷವನ್ನು ತಪ್ಪಿಸಲು ಯಾವ ನೆಪವೂ ಸಾಲದು. ಎರಡು ವಾರಕ್ಕೆ ಅದು ಹದಿನೈದಾಯಿತು, ಎರಡು ತಿಂಗಳಿಗೆ ಮೂವತ್ತಾಯಿತು. ಮೊಣಕಾಲೂ ಸದ್ದು ಮಾಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯು ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಹೇಳುತ್ತದೆ. ಮಾತನಾಡಲು ಸಾಧ್ಯ, ಹಾಡಲು ಕಷ್ಟ ಎನ್ನುವಂಥ ವೇಗದ ನಡಿಗೆಯೇ ಮಧ್ಯಮ ಪ್ರಮಾಣ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ನಿಬಂಧನೆಯನ್ನೂ ಈ ಮಾರ್ಗಸೂಚಿ ಕೈಬಿಟ್ಟಿದೆ. ಅಲ್ಲಲ್ಲಿ ಕೂಡಿಸಿದ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಹನಿಗೂಡಿದರೆ ಹಳ್ಳ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕದಿದ್ದರೆ ಪ್ರಯೋಜನವಿಲ್ಲವೆಂಬ ಕಲ್ಪನೆಯೂ ಅನೇಕರ ಧೈರ್ಯಗೆಡಿಸಿದೆ. ಈ ಹತ್ತು ಸಾವಿರದ ಲೆಕ್ಕ ಹುಟ್ಟಿದ್ದು ವೈದ್ಯರಿಂದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿದ್ದರು. ಅಲ್ಲಿಂದ ಅದು ಜಗತ್ತಿಗೆ ಹಬ್ಬಿತು. ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಹಿರಿಯ ತಾಯಂದಿರು ದಿಗಿಲುಪಡಬೇಕಾಗಿಲ್ಲ. ಇಂದು ನಡೆಯುತ್ತಿರುವುದಕ್ಕಿಂತ ಒಂದು ಸಾವಿರ ಹೆಜ್ಜೆ ಹೆಚ್ಚು ನಡೆದರೂ ಅದು ಗಳಿಕೆಯೇ.

ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ಬೇಕು. ಇದಕ್ಕೆ ಯಂತ್ರಗಳು ಬೇಡ. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಏಳುವುದು-ಕೂರುವುದು, ಗೋಡೆಗೆ ಅಂಗೈ ಒತ್ತಿ ದೇಹವನ್ನು ಮುಂದೆ-ಹಿಂದೆ ತರುವುದು, ಹಿಮ್ಮಡಿ ಎತ್ತಿ ಇಳಿಸುವುದು ಸಾಕು. ಅರವತ್ತೈದು ದಾಟಿದವರು ಗೋಡೆಯ ಆಸರೆಯಲ್ಲಿ ಒಂದು ಕಾಲ ಮೇಲೆ ನಿಲ್ಲುವಂಥ ಸಮತೋಲದ ಅಭ್ಯಾಸವನ್ನೂ ಮಾಡಬೇಕು. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸಲು ಇದು ನೆರವಾಗುತ್ತದೆ. ಮಳೆಗಾಲದಲ್ಲಿ ಹೊರಗೆ ಹೋಗಲಾಗದ ದಿನ ಇವೇ ವ್ಯಾಯಾಮಗಳು ಪಡಸಾಲೆಯಲ್ಲಿ ನಿಯಮವನ್ನು ಕಾಯುತ್ತವೆ.

ಮೂರನೆಯ ಸೂತ್ರ: ಜೊತೆಗಾರರನ್ನು ಹುಡುಕಿಕೊಳ್ಳುವುದು

ನಮ್ಮ ನಿಯಮ ಉಳಿದದ್ದಕ್ಕೆ ಅರ್ಧ ಶ್ರೇಯಸ್ಸು ಪಕ್ಕದ ಮನೆಯ ಬಟ್ಟೆ ವ್ಯಾಪಾರಿಗಳಿಗೆ ಸಲ್ಲಬೇಕು. ಆರು ಗಂಟೆಗೆ ಗೇಟಿನ ಬಳಿ ನಿಂತು “ಸರ, ಆಗೇತೇನ್ರಿ? ಹೊರಡೂಣು ಬರ್ರಿ” ಎಂದು ಅವರು ಕೂಗಿದರೆ, ಹಾಸಿಗೆಯಲ್ಲಿ ಮಲಗಿರಲು ಸಂಕೋಚವಾಗುತ್ತದೆ. ನಮಗಾಗಿ ಏಳದವರು ಇನ್ನೊಬ್ಬರಿಗಾಗಿ ಏಳುತ್ತೇವೆ. ಮನುಷ್ಯಸ್ವಭಾವದ ಈ ದೌರ್ಬಲ್ಯವನ್ನೇ ಬಲವಾಗಿ ಬಳಸಿಕೊಳ್ಳಬೇಕು. ನಡಿಗೆಯಲ್ಲಿ ಊರ ಸುದ್ದಿ, ಮಳೆ-ಬೆಳೆಯ ಮಾತು ಸೇರಿದರೆ ಅರ್ಧ ಗಂಟೆ ಸರಿದದ್ದೇ ತಿಳಿಯುವುದಿಲ್ಲ.

ಮನೆಯ ತಾಯಂದಿರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. “ದಿನವಿಡೀ ಮನೆಗೆಲಸ ಮಾಡುವವರಿಗೆ ಬೇರೆ ವ್ಯಾಯಾಮವೇಕೆ?” ಎಂದು ಅನೇಕರು ಕೇಳುತ್ತಾರೆ. ನೀರು ಸೇದಿ, ಬೀಸಿ, ಕುಟ್ಟಿದ ಅಜ್ಜಿಯರ ಕಾಲದಲ್ಲಿ ಆ ಪ್ರಶ್ನೆಗೆ ಅರ್ಥವಿತ್ತು. ನಲ್ಲಿ, ಗಿರಣಿ, ಮಿಕ್ಸರುಗಳ ಇಂದಿನ ಮನೆಗೆಲಸ ದಣಿಸುತ್ತದೆ, ಆದರೆ ಹೃದಯಕ್ಕೆ ಬೇಕಾದಷ್ಟು ವೇಗದ ಚಟುವಟಿಕೆ ಅದರಲ್ಲಿ ಹೆಚ್ಚಿನವರಿಗೆ ದೊರೆಯುವುದಿಲ್ಲ. ಅವರಿಗೆ ನಿಜವಾಗಿ ಕೊರತೆ ಇರುವುದು ಮನಸ್ಸಿನದಲ್ಲ, ಸಮಯದ್ದು. ಬೆಳಗಿನ ಅರ್ಧ ಗಂಟೆ ಗಂಡನೋ ಮಗನೋ ಒಲೆಯ ಮುಂದೆ ನಿಂತರೆ ಆ ಸಮಯ ತಾನಾಗಿಯೇ ಒದಗುತ್ತದೆ. ನಾವು ನಡೆದು ಬಂದ ಮೇಲೆ ಚಹಾಕ್ಕಿಟ್ಟು, ತರಕಾರಿ ಹೆಚ್ಚಿಕೊಡಲು ಆರಂಭಿಸಿದ ದಿನದಿಂದ ನಮ್ಮ ಮನೆಯವರೂ ಓಣಿಯ ಮೂವರು ಗೆಳತಿಯರೊಡನೆ ಹೊರಡತೊಡಗಿದರು. ಒಬ್ಬರೇ ಹಿಡಿದ ನಿಯಮಕ್ಕಿಂತ ಮನೆ ಹಿಡಿದ ನಿಯಮ ಬಾಳಿಕೆ ಬರುತ್ತದೆ.

ನಾಲ್ಕನೆಯ ಸೂತ್ರ: ತಟ್ಟೆಯಲ್ಲಿ ಒಂದೊಂದೇ ಬದಲಾವಣೆ

ಊಟದ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು, ಎಲ್ಲವನ್ನೂ ಒಂದೇ ದಿನ ಬಿಡುವುದು. ಹಾಗೆ ಬಿಟ್ಟದ್ದು ಒಂದೇ ದಿನ ಮರಳಿ ಬರುತ್ತದೆ. ಒಂದು ತಿಂಗಳಿಗೆ ಒಂದು ಬದಲಾವಣೆ ಸಾಕು.

ಚಹಾದಿಂದ ಆರಂಭಿಸೋಣ. ದಿನಕ್ಕೆ ಐದು ಬಟ್ಟಲು ಚಹಾ, ಬಟ್ಟಲಿಗೆ ಎರಡು ಸಣ್ಣ ಚಮಚ ಸಕ್ಕರೆ ಎಂದರೆ ಹತ್ತು ಚಮಚ, ಅಂದರೆ 40ರಿಂದ 50 ಗ್ರಾಂ ಸಕ್ಕರೆ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಲೆಕ್ಕ ಬದಲಾಗುವುದಿಲ್ಲ. ಮೊದಲ ವಾರ ಎರಡು ಚಮಚವನ್ನು ಒಂದೂವರೆಗೆ ಇಳಿಸಿ, ಎರಡು ವಾರ ಬಿಟ್ಟು ಒಂದಕ್ಕೆ, ಆಮೇಲೆ ಅರ್ಧಕ್ಕೆ ಇಳಿಸಬೇಕು. ನಾಲಿಗೆ ನಿಧಾನವಾಗಿ ಒಗ್ಗುತ್ತದೆ. ಮೂರು ತಿಂಗಳ ನಂತರ ಹಳೆಯ ಚಹಾವೇ ಪಾಯಸದಂತೆನಿಸುತ್ತದೆ.

ಎರಡನೆಯ ತಿಂಗಳು ತಟ್ಟೆಯ ಹಂಚಿಕೆ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲು ಭಾಗ ಬೇಳೆ-ಕಾಳು. ಉಳಿದ ಕಾಲು ಭಾಗ ರೊಟ್ಟಿ, ಅನ್ನ ಅಥವಾ ಮುದ್ದೆ. ನಮ್ಮ ಕಡೆಯ ಊಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಹಸಿ ಮೆಂತ್ಯ, ಸವತೆಕಾಯಿ, ಗಜ್ಜರಿ, ಮಜ್ಜಿಗೆ. ಹೊಸದನ್ನು ಕೊಳ್ಳುವ ಅಗತ್ಯವಿಲ್ಲ, ಪ್ರಮಾಣ ಬದಲಿಸಿದರೆ ಸಾಕು. ಆದರೆ “ಜೋಳದ್ದು, ಸಿರಿಧಾನ್ಯದ್ದು ಎಷ್ಟಾದರೂ ತಿನ್ನಬಹುದು” ಎಂಬ ಭ್ರಮೆ ಬೇಡ. ಅವುಗಳಲ್ಲಿಯೂ ಪಿಷ್ಟವೇ ಮುಖ್ಯ. ನಾರಿನಂಶ ಹೆಚ್ಚು ಎಂಬುದು ಅವುಗಳ ಗುಣ. ಮೊದಲು ಕೋಸಂಬರಿ, ಪಲ್ಯಗಳನ್ನು ತಿಂದು ಆಮೇಲೆ ಅನ್ನಕ್ಕೆ ಕೈಹಾಕಿದರೆ ಹಸಿವೂ ತಗ್ಗಿರುತ್ತದೆ, ಸಕ್ಕರೆಯೂ ನಿಧಾನವಾಗಿ ಏರುತ್ತದೆ.

ಮೂರನೆಯದು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚೂಡಾ, ಪೊಟ್ಟಣದ ತಿನಿಸುಗಳಲ್ಲಿ ಅಡಗಿದ ಉಪ್ಪೂ ಇದರಲ್ಲಿ ಸೇರುತ್ತದೆ. ಉಪ್ಪಿನ ಬಟ್ಟಲನ್ನು ಊಟದ ಸ್ಥಳದಿಂದ ಅಡುಗೆಮನೆಗೆ ಸರಿಸಿದರೆ ಅರ್ಧ ಕೆಲಸವಾದಂತೆ. ಕಣ್ಣಿಗೆ ಕಾಣುವುದನ್ನು ಕೈ ಹುಡುಕುತ್ತದೆ. ಚಕ್ಕುಲಿಯ ಡಬ್ಬಿ ಅಟ್ಟದ ಮೇಲೆ, ಹಣ್ಣಿನ ಬುಟ್ಟಿ ಕೈಗೆಟುಕುವಲ್ಲಿ ಇದ್ದರೆ ಮನಸ್ಸಿನೊಡನೆ ಹೋರಾಡುವ ಪ್ರಸಂಗವೇ ಬರುವುದಿಲ್ಲ.

ಹಬ್ಬ, ಜಾತ್ರೆ, ಮದುವೆಗಳಲ್ಲಿಯೇ ನಮ್ಮ ನಿಯಮಕ್ಕೆ ಪರೀಕ್ಷೆ. ಹೋಳಿಗೆಯನ್ನು ಮುಟ್ಟುವುದಿಲ್ಲವೆಂಬ ಶಪಥ ಬೇಡ. ಸಂತೋಷದಿಂದ ಒಂದು ತಿನ್ನೋಣ. “ಇನ್ನೊಂದು, ಇನ್ನೊಂದು” ಎಂದು ಬಡಿಸುವವರಿಗೆ ಏನು ಹೇಳಬೇಕೆಂಬುದನ್ನು ಮನೆಯಿಂದ ಹೊರಡುವಾಗಲೇ ನಿರ್ಧರಿಸಿಕೊಂಡಿರೋಣ. “ಬಹಳ ಚೆನ್ನಾಗಿದೆ, ತೃಪ್ತಿಯಾಯಿತು” ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಯಾರೂ ಬೇಸರಿಸುವುದಿಲ್ಲ. ದಾಸೋಹದ ಪಂಕ್ತಿಯಲ್ಲಿಯೂ ಬೇಕಾದಷ್ಟನ್ನೇ ನೀಡಿಸಿಕೊಂಡು, ನೀಡಿಸಿಕೊಂಡದ್ದನ್ನು ಚೆಲ್ಲದಿರುವುದೇ ಪ್ರಸಾದಕ್ಕೆ ತೋರುವ ಗೌರವ. ಶ್ರಾವಣ ಸೋಮವಾರದ ಉಪವಾಸದಲ್ಲಿ ಅನ್ನ ಬಿಟ್ಟು ತಟ್ಟೆತುಂಬ ಸಾಬೂದಾಣಿ, ಕರಿದ ಆಲೂಗಡ್ಡೆ ತಿಂದರೆ ದೇಹಕ್ಕೆ ವಿಶ್ರಾಂತಿ ದೊರೆಯಲಿಲ್ಲ. ಅವೂ ಪಿಷ್ಟವೇ.

ಐದನೆಯ ಸೂತ್ರ: ಒಂದು ದಿನ ತಪ್ಪಬಹುದು, ಎರಡು ದಿನ ತಪ್ಪಬಾರದು

ಎಷ್ಟೇ ಎಚ್ಚರವಿದ್ದರೂ ನಿಯಮ ತಪ್ಪುವ ದಿನ ಬಂದೇ ಬರುತ್ತದೆ. ನಿಯಮವನ್ನು ಮುರಿಯುವುದು ಆ ಒಂದು ದಿನವಲ್ಲ. “ಹೇಗೂ ತಪ್ಪಿತಲ್ಲ, ಇನ್ನು ಮುಂದಿನ ತಿಂಗಳು ನೋಡೋಣ” ಎಂಬ ಮರುದಿನದ ಮಾತು. ಮೇಲೆ ಹೇಳಿದ ಲಂಡನ್ನಿನ ಅಧ್ಯಯನದಲ್ಲಿಯೂ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವ ಅಡ್ಡಿಯಾಗಿರಲಿಲ್ಲ.

ಎರಡು ದಿನ ಸತತವಾಗಿ ತಪ್ಪಬಾರದೆಂಬುದಕ್ಕೆ ದೇಹದ ಕಾರಣವೂ ಇದೆ. ಸಕ್ಕರೆಯ ಮೇಲೆ ವ್ಯಾಯಾಮದ ಪರಿಣಾಮ ಉಳಿಯುವುದು ಒಂದೆರಡು ದಿನ ಮಾತ್ರ. ಅದಕ್ಕಾಗಿಯೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದೆಂದು ಮಧುಮೇಹಿಗಳಿಗೆ ವೈದ್ಯರು ಹೇಳುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕುತ್ತ ಹೋಗಿ. ಒಂದು ಖಾಲಿ ಮನೆ ಕಂಡರೆ ಚಿಂತೆ ಬೇಡ. ಎರಡನೆಯದು ಖಾಲಿಯಾಗದಂತೆ ಐದು ನಿಮಿಷವಾದರೂ ನಡೆಯಿರಿ.

ನಮ್ಮ ನಿಯಮವೂ ಅಖಂಡವಾಗಿಲ್ಲ. ಮೂರನೆಯ ವರ್ಷ ಡೆಂಗಿ ಜ್ವರದಿಂದ ಮಲಗಿ ಐದು ವಾರ ತಪ್ಪಿತು. ಎದ್ದ ಮೇಲೆ ಮೂವತ್ತು ನಿಮಿಷದಿಂದ ಆರಂಭಿಸದೆ, ಮತ್ತೆ ಹಳೆಯ ಹತ್ತು ನಿಮಿಷಕ್ಕೇ ಮರಳಿದೆವು. ಹಿಂದಿನ ಮೂರು ಸಲ ನಮಗೆ ಬಾರದಿದ್ದ ವಿದ್ಯೆ ಅದೊಂದೇ, ನಾಚಿಕೆಯಿಲ್ಲದೆ ಮೊದಲಿನಿಂದ ಆರಂಭಿಸುವುದು. ಕಳೆದ ಪರೀಕ್ಷೆಯಲ್ಲಿ ನಮ್ಮ ಎಚ್‌ಬಿಎ1ಸಿ 5.8 ಇತ್ತು. ಹೊಸ್ತಿಲಿನಿಂದ ಪೂರ್ತಿ ದೂರ ಸರಿದಿಲ್ಲ. ಆದರೆ ಒಳಗೆ ಕಾಲಿಟ್ಟಿಲ್ಲ.

ಎಚ್ಚರಿಕೆಯ ಮಾತು

ಹೃದ್ರೋಗ, ಅಧಿಕ ರಕ್ತದೊತ್ತಡ, ಬಹುಕಾಲದ ಮಧುಮೇಹ, ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರೂ, ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸಬೇಕು. ನಡೆಯುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ಅತಿಯಾದ ಏದುಸಿರು, ತಲೆಸುತ್ತು ಕಂಡರೆ ತಕ್ಷಣ ನಿಂತು ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ಪಡೆಯುವವರಿಗೆ ವ್ಯಾಯಾಮದ ವೇಳೆ ಸಕ್ಕರೆ ತೀರ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಅಂಥವರು ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇಟ್ಟುಕೊಳ್ಳಬೇಕು. ಮಧುಮೇಹಿಗಳು ಬರಿಗಾಲಲ್ಲಿ ನಡೆಯಬಾರದು. ಪ್ರತಿ ರಾತ್ರಿ ಪಾದಗಳನ್ನು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಗಾಯವಿದೆಯೇ ಎಂದು ನೋಡಿಕೊಳ್ಳಬೇಕು. ನಮ್ಮ ಅಣ್ಣನವರ ಎರಡು ಬೆರಳುಗಳ ಬೆಲೆ ಕೊಟ್ಟು ನಮ್ಮ ಮನೆ ಕಲಿತ ಪಾಠವಿದು. ನಡಿಗೆ ಆರಂಭಿಸಿದೆವೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದು, ಕಡಿಮೆ ಮಾಡುವುದು ಸಲ್ಲದು.

ಈ ತಿಂಗಳ ಅಭ್ಯಾಸ

1. ಒಂದು ಚೀಟಿಯಲ್ಲಿ ಹೀಗೆ ಬರೆದು ಕನ್ನಡಿಯ ಪಕ್ಕ ಅಂಟಿಸಿ: “ನಾನು ದಿನವೂ ___ ಆದ ನಂತರ, ___ ಎಂಬ ಸ್ಥಳದವರೆಗೆ, 10 ನಿಮಿಷ ನಡೆಯುತ್ತೇನೆ.”

2. ಜೊತೆಗೆ ಬರುವ ಒಬ್ಬರ ಹೆಸರನ್ನು ಅದರ ಕೆಳಗೆ ಬರೆದು, ಅವರಿಗೆ ಇಂದೇ ತಿಳಿಸಿ.

3. ಊಟದಲ್ಲಿ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಿ. ಅದು ಒಗ್ಗುವವರೆಗೆ ಎರಡನೆಯದಕ್ಕೆ ಕೈಹಾಕಬೇಡಿ.

4. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ಮನೆಗಳು ಸತತವಾಗಿ ಖಾಲಿ ಉಳಿಯದಂತೆ ನೋಡಿಕೊಳ್ಳಿ.

5. ನಲವತ್ತು ದಾಟಿದವರು ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಿರದಿದ್ದರೆ ಈ ತಿಂಗಳೇ ಮಾಡಿಸಿ.

ಅಣ್ಣನವರು ಈಗ ವಿಶೇಷ ಪಾದರಕ್ಷೆ ತೊಟ್ಟು, ವೈದ್ಯರು ಹೇಳಿದಷ್ಟೇ ದೂರ, ದಿನವೂ ಸಂಜೆ ಅಂಗಳದಲ್ಲಿ ನಡೆಯುತ್ತಾರೆ. ಮೊನ್ನೆ ಭೇಟಿಯಾದಾಗ “ಹನ್ನೊಂದು ವರ್ಷ ತಡಾ ಆತು, ಖರೆ. ಆದ್ರ ಇವತ್ತಿನ ನಡಿಗಿ ಇವತ್ತಿಂದs” ಎಂದರು. ಕಳೆದ ವರ್ಷಗಳನ್ನು ಯಾರೂ ನಡೆದು ಮುಗಿಸಲಾರರು, ನಾಳೆಯದನ್ನೂ ಇಂದೇ ನಡೆಯಲಾರರು. ಇಂದಿನ ಹತ್ತು ನಿಮಿಷ ಮಾತ್ರ ನಮ್ಮ ಕಾಲಿಗೆ ಎಟುಕುವಂಥದ್ದು. ಪತ್ರಿಕೆಯನ್ನು ಮಡಿಸಿಟ್ಟು, ಅಷ್ಟನ್ನು ಇಂದೇ ನಡೆದು ಬರೋಣ.